ಅಂಗೈ ಅಗಲದ ಜಾಗ

ಅವಳಿಗೆ ಹಾಗಲ್ಲಕ್ಕ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ, ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಹಳೆಯ ಕೋಟೆಗೆ ಬಂದವರನ್ನು ಸುತ್ತಿಸಿ ಕಥೆ ಹೇಳುವ ಗೈಡ್ ಕೆಲಸ ಅವಳದು. ಬಂದವರು "ಇಲ್ಲೊಂದು ಸುರಂಗ ಇದೆಯಂತಲ್ಲ?" ಎಂದು ಕೇಳಿ ಮುಗಿಸುವ ಮೊದಲೇ ಅವಳ ಬಾಯಿಂದ "ಹಾಗಲ್ಲ" ಎಂಬ ಮಾತು ಹೊರಬಿದ್ದಿರುತ್ತಿತ್ತು.

"ಸುರಂಗ ಇಲ್ಲದ ಕೋಟೆ ಎಲ್ಲಾದ್ರೂ ಕೇಳಿದೀರಾ?" ಎಂದು ಅವಳು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. "ಎಲ್ಲಾ ಸುರಂಗಾನೂ ಪಕ್ಕದ ರಾಜ್ಯಕ್ಕೇ ಹೋಗುತ್ತೆ. ಎಲ್ಲಾದ್ರಲ್ಲೂ ಒಂದು ಮದುವೆ ದಿಬ್ಬಣ ಒಳಗೆ ಹೋಗಿ ಕಾಣೆಯಾಗಿರುತ್ತೆ. ಕೊನೆಗೆ ಸರ್ಕಾರದವರು ಬಂದು ಬಾಯಿ ಮುಚ್ಚಿಸಿರ್ತಾರೆ. ನಾನು ಇದರೊಳಗೆ ತೆವಳಿಕೊಂಡು ಹೋಗಿ ಬಂದಿದೀನಿ. ಇದು ಅಡುಗೆಮನೆ ಮೋರಿ. ಅರಸ ಇದರಲ್ಲಿ ತಪ್ಪಿಸಿಕೊಂಡು ಓಡಿದ್ರೆ ಶತ್ರುಗಳು ಹುಡುಕೋದೇ ಬೇಕಿರಲಿಲ್ಲ, ವಾಸನೆ ಹಿಡಿದೇ ಬರ್ತಿದ್ರು."

ಮುಂದೆ ರಾಣಿ ಹಾಲಿನಲ್ಲಿ ಮೀಯುತ್ತಿದ್ದಳೆಂಬ ಕೊಳ. "ಮೊದಲನೇ ದಿನ ಹಾಲು. ಎರಡನೇ ದಿನ ಮೊಸರು. ಮೂರನೇ ದಿನ ರಾಣಿ ಇರಲಿ, ನೊಣ ಬಿಟ್ರೆ ಯಾರೂ ಇತ್ತ ಸುಳಿಯೋ ಹಾಗಿರಲಿಲ್ಲ." ಅದರಾಚೆ, ಕೋಟೆ ಗೋಡೆಯಿಂದ ಹಾರಿದ ಕುದುರೆಯ ಗೊರಸಿನ ಗುರುತುಗಳು. ಅವು ಐದು ಇದ್ದವು. "ಕುದುರೆಗೆ ಕಾಲೆಷ್ಟು?" ಎಂದಷ್ಟೇ ಕೇಳಿ ಅವಳು ಸುಮ್ಮನಾಗುತ್ತಿದ್ದಳು. ಜನ ಎಣಿಸಿ, ಮತ್ತೆ ಎಣಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಷ್ಟೆಲ್ಲ ಬಾಯಿ ಇದ್ದವಳು ಕಾವಲು ಗೋಪುರದ ಮುಂದೆ ಬಂದೊಡನೆ ಮೆತ್ತಗಾಗುತ್ತಿದ್ದಳು. "ಇಲ್ಲಿ ಗಾಳಿ ಚೆನ್ನಾಗಿದೆ, ಫೋಟೋ ತಗೊಳ್ಳಿ" ಎಂದು ಹೇಳಿ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ನಿಲ್ಲುತ್ತಿದ್ದಳು.

ಗೋಪುರದ ಕಥೆ ಊರಿಗೆಲ್ಲ ಬಾಯಿಪಾಠ. ಅದನ್ನು ಕಟ್ಟಿದ ದೊಡ್ಡ ಮೇಸ್ತ್ರಿ ಕೊನೆಯ ಕರಣೆ ಎಳೆದ ದಿನವೇ ಅರಸ ಅವನ ಬಲಗೈ ಕಡಿಸಿದನಂತೆ, ಇಂಥ ಗೋಪುರ ಇನ್ನೊಂದು ಏಳಬಾರದೆಂದು. ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ, ಗಾರೆಯಲ್ಲಿ ಒತ್ತಿದ ಬಲಗೈ ಗುರುತೊಂದಿದೆ. ಅದರ ಉಂಗುರ ಬೆರಳು ಮೇಲಿನ ಗಿಣ್ಣಿಗೇ ಮೊಂಡಾಗಿ ನಿಂತಿದೆ. ಕೈ ಹೋಗುವ ಮುಂಚೆ ಬಡಪಾಯಿ ಒತ್ತಿದ ಕಡೆಯ ಗುರುತು ಅದು ಎಂದು ಜನ ಲೊಚಗುಟ್ಟುತ್ತಾರೆ. ಇಂಥ ಕೈ ಕಡಿಸಿಕೊಂಡ ಕಟ್ಟಡದವರ ಕಥೆಗಳು ಲೋಕದ ತುಂಬ ಇವೆ ಎಂಬುದು ಹಾಗಲ್ಲಕ್ಕನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕೈ ಕಡಿಸಿದ ಅರಸ ಮುಂದಿನ ಮಳೆಗೆ ಸೂರು ಸೋರಿದಾಗ ಯಾರನ್ನು ಕರೆಸಿದ ಎಂಬ ಪ್ರಶ್ನೆಯೂ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡೇ ಅವಳ ಅಷ್ಟೂ ವರ್ಷಗಳು ಕಳೆದಿದ್ದವು. ಯಾಕೆಂದರೆ ದೊಡ್ಡ ಮೇಸ್ತ್ರಿ ಅವಳ ಮನೆತನದ ಮೂಲಪುರುಷ, ಮತ್ತು ಅವಳ ಅಪ್ಪ ಗಾರೆ ಮೇಸ್ತ್ರಿ.

ಆ ಮನೆತನದವರು ಯಾವ ಗೋಡೆಯನ್ನೂ ಪೂರ್ತಿ ಮುಗಿಸುವುದಿಲ್ಲ, ಮುಗಿಸಿದರೆ ಮನೆಯಲ್ಲೊಬ್ಬರ ಕೈ ಹೋಗುತ್ತದೆಂಬ ಶಾಪದ ಭಯ. ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ, ಅಂಗೈ ಅಗಲದ ಜಾಗ ಬಿಟ್ಟು ಎದ್ದುಬಿಡುತ್ತಾರೆ. ಅಷ್ಟನ್ನು ಹೊರಗಿನವರು ಯಾರಾದರೂ ಮುಚ್ಚಬೇಕು. ಕೆಲಸ ಮುಗಿಸಿದ್ದು ನಾವಲ್ಲ ಅಂದಮೇಲೆ ಯಾವ ಅರಸ ತಾನೇ ಕೈಗೆ ಕತ್ತಿ ಹಾಕುತ್ತಾನೆ? ಊರವರ ಮನೆಗಳಲ್ಲಿ ಇದಕ್ಕೇನೂ ಅಡ್ಡಿಯಿರಲಿಲ್ಲ. ಯಜಮಾನನೋ ಯಜಮಾನಿಯೋ ನಗುತ್ತ ಒಂದು ಹಿಡಿ ಗಾರೆ ಮೆತ್ತುತ್ತಿದ್ದರು. ಪೇಚಾಟವೆಲ್ಲ ಸ್ವಂತ ಮನೆಯದು. ಮನೆಯವರು ಮುಟ್ಟುವಂತಿಲ್ಲ, ಹೊರಗಿನವರನ್ನು ಅಪ್ಪ ಬಿಡುವುದಿಲ್ಲ. "ನನ್ನ ಗೋಡೆಗೆ ಕಂಡಕಂಡವರು ಕೈ ಹಾಕೋದಾ?" ಎಂಬುದು ಅವನ ವಾದ. ಹೀಗಾಗಿ ಊರಿಗೇ ನುಣುಪು ಗೋಡೆ ಕೊಟ್ಟವನ ಮನೆಯಲ್ಲಿ ಕೋಣೆಗೊಂದು ತೂತು, ತೂತಿಗೊಂದು ಇರುವೆ ಸಂಸಾರ. ಅಮ್ಮ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟೇ ಮುದುಕಿಯಾಗಿದ್ದಳು.

ಇದು ನಗುವ ವಿಷಯವಾಗಿದ್ದರೆ ಹಾಗಲ್ಲಕ್ಕ ಎಂದೋ ನಕ್ಕು ಮುಗಿಸುತ್ತಿದ್ದಳು. ಆದರೆ ಈ ಜಾಗದಿಂದಲೇ ಒಂದು ಮನೆ ಎರಡಾಗಿತ್ತು. ಅವಳು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಜೋಡೆತ್ತಿನ ಹಾಗೆ ಕೂಡಿ ಕೆಲಸ ಮಾಡುತ್ತಿದ್ದರು. ಒಂದು ಆಸ್ಪತ್ರೆಯ ಕೆಲಸ ನಡೆದಿತ್ತು. ಅಪ್ಪ ಜ್ವರ ಬಂದು ಮಲಗಿದ್ದ. ಉದ್ಘಾಟನೆಗೆ ಅವಸರವೆಂದು ಚಿಕ್ಕಪ್ಪ ಆ ಅಂಗೈ ಅಗಲವನ್ನೂ ತಾನೇ ಎಳೆದು ಮುಗಿಸಿಬಿಟ್ಟ. ಕೆಲವೇ ದಿನಗಳಲ್ಲಿ ನಿಂತು ಕೆಲಸ ಮಾಡುವ ಸಾರವೆಯ ಹಲಗೆಯೊಂದು ಜಾರಿ ಅಪ್ಪನ ಬಲಗೈ ಮೇಲೆ ಬಿತ್ತು. ಕೊನೆಯ ಎರಡು ಬೆರಳು ಮಡಚಿಕೊಂಡವು ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ. "ಗೋಡೆ ಮುಗಿಸಿದ್ದು ನೀನು, ದಂಡ ತೆತ್ತಿದ್ದು ನನ್ನ ಕೈ" ಎಂದು ಅಪ್ಪ ತಮ್ಮನನ್ನು ಕೆಲಸದಿಂದಲೂ ಮನೆಯಿಂದಲೂ ಹೊರಗೆ ಹಾಕಿದ. "ಇವತ್ತಿಂದ ನೀನು ಹೊರಗಿನವನು" ಎಂದ. ಚಿಕ್ಕಪ್ಪ ಎರಡು ಬೀದಿ ಆಚೆ ಮನೆ ಮಾಡಿದ, ತನ್ನ ಪಾಡಿಗೆ ಕೆಲಸ ಹಿಡಿದು ಊರವರ ಗೋಡೆಗಳನ್ನು ಪೂರ್ತಿ ಮುಗಿಸುತ್ತಲೇ ಬಂದ. ಅಣ್ಣ ತಮ್ಮ ಎದುರಾದರೆ ಒಬ್ಬರು ಅಂಗಡಿ ಬೋರ್ಡು ಓದುತ್ತಾರೆ, ಇನ್ನೊಬ್ಬರು ಚಪ್ಪಲಿ ನೋಡಿಕೊಳ್ಳುತ್ತಾರೆ. ಹೆಂಗಸರು ಮಾತ್ರ ಇಂಥ ಹುಚ್ಚಾಟಕ್ಕೆ ಸೊಪ್ಪು ಹಾಕಲಿಲ್ಲ. ಓರಗಿತ್ತಿಯರಿಬ್ಬರೂ ತರಕಾರಿ ಮಾರುಕಟ್ಟೆಯಲ್ಲಿ ತಪ್ಪದೆ ಸೇರಿ ಎರಡೂ ಮನೆಯ ಸುದ್ದಿ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಆ ವಾರ ಕೋಟೆಯ ಕಣಜದಲ್ಲಿ ದುರಸ್ತಿ ನಡೆಯುತ್ತಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡು ಹಳೆಯ ಸುಣ್ಣದ ಪದರ ಕೆರೆಯುತ್ತಿದ್ದ ದುರಸ್ತಿಯವಳು ಹಾಗಲ್ಲಕ್ಕನನ್ನು ಕೂಗಿ ಕರೆದಳು. "ಅಕ್ಕಾ, ಬಾ ಇಲ್ಲಿ. ನಿಮ್ಮ ಗೋಪುರದವನು ಇಲ್ಲೂ ಬಂದಿದ್ದಾನೆ."

ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ, ಒಂದು ಬಲಗೈ. ಉಂಗುರ ಬೆರಳು ಮೇಲಿನ ಗಿಣ್ಣಿಗೇ ಮೊಂಡು. ಹಾಗಲ್ಲಕ್ಕ ಕೂತು ನೋಡಿದಳು, ಎದ್ದು ನೋಡಿದಳು, ಗೋಪುರಕ್ಕೆ ಓಡಿ ಅಲ್ಲಿಯದನ್ನು ದಾರದಲ್ಲಿ ಅಳೆದು ತಂದು ಇಲ್ಲಿ ಹಿಡಿದು ನೋಡಿದಳು. ಅದೇ ಕೈ, ಸಂದೇಹವೇ ಬೇಡ. ಬಾಗಿಲಿನ ಮೇಲಿನ ಕಲ್ಲಿನಲ್ಲಿ, ಕಣಜ ಕಟ್ಟಿಸಿದ್ದು ಆ ಅರಸನ ಮಗ ಎಂದು ಕೊರೆದಿದೆ. ಅಪ್ಪ ಅರಸ ಕಡಿಸಿದ ಕೈ ಮಗ ಅರಸನ ಕಾಲದಲ್ಲಿ ಚಿಗುರಿ ಬರಲು ಅದೇನು ನುಗ್ಗೆ ಕೊಂಬೆಯೇ?

ಬೇರೆ ಯಾವ ಸುಳ್ಳು ಹೀಗೆ ಕೈಗೆ ಸಿಕ್ಕಿದ್ದರೂ ಅವಳು ಕುಣಿದಾಡುತ್ತಿದ್ದಳು. ಇದನ್ನು ಕಂಡು ಅವಳು ಅಳೆದ ದಾರವನ್ನು ಸುತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಕೈ ಕಡಿದಿಲ್ಲ ಎಂದರೆ ಶಾಪವಿಲ್ಲ. ಶಾಪವಿಲ್ಲ ಎಂದರೆ ಅಪ್ಪ ಒಡಹುಟ್ಟಿದ ತಮ್ಮನನ್ನು ಇಷ್ಟು ವರ್ಷ ದೂರ ಇಟ್ಟಿದ್ದು ಏನೂ ಇಲ್ಲದ್ದಕ್ಕೆ. ಈ ಮಾತನ್ನು ವಯಸ್ಸಾದ ಮನುಷ್ಯನ ಮುಂದೆ ಯಾವ ಬಾಯಿಂದ ಹೇಳುವುದು? ಹೇಳದೆ ಇಟ್ಟುಕೊಂಡು ನಾಳೆ ರಾಣಿಯ ಹಾಲಿನ ಕೊಳದ ಮುಂದೆ ಯಾವ ಮುಖ ಹೊತ್ತು ನಗುವುದು?

"ಇದರ ಮೇಲೆ ಒಂದು ಗೋಣಿ ಹಾಕು" ಎಂದಳು.

"ಯಾಕೆ?"

"ಹಾಕು ಅಂದ್ನಲ್ಲ."

ಅಲ್ಲಿಂದ ಶುರುವಾಯಿತು ಚಡಪಡಿಕೆ. ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಸುರಂಗದ ಮುಂದೆ ಕುದುರೆಯ ಕಥೆ ಹೇಳಿಬಿಟ್ಟಳು. ಜನ ಮೋರಿಯಲ್ಲಿ ಗೊರಸು ಹುಡುಕಿದರು. ಊಟಕ್ಕೆ ಕೂತರೆ ಅಪ್ಪನ ಮಡಚಿದ ಬೆರಳುಗಳೇ ಕಾಣುತ್ತಿದ್ದವು. ಅವನೂ ಸುಮ್ಮನಿರುವ ಜಾತಿಯಲ್ಲ. ಕೆಲಸ ಬಿಟ್ಟಾಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಓಡಾಡುತ್ತ, ಎಲ್ಲ ಗೋಡೆಗಳಿಗೂ ಬೆರಳಗಿಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ.

"ಅಪ್ಪ ಮಗಳು ಇಬ್ರೂ ಹೀಗೆ ಗಿರಗಿರ ತಿರುಗ್ತಿದ್ರೆ ನನಗೆ ತಲೆ ಸುತ್ತುತ್ತೆ" ಎಂದು ಅಮ್ಮ ರೇಗಿದಳು. "ರೀ, ಭಾನುವಾರ ಇವಳ ಜೊತೆ ಕೋಟೆಗೆ ಹೋಗಿ ಬನ್ನಿ. ಕಣಜ ತೆಗೀತಾರಂತೆ. ನನಗೂ ಒಂದು ಗಳಿಗೆ ಇರುವೆ ಓಡಿಸೋಕೆ ಬಿಡುವು ಸಿಗುತ್ತೆ."

ಹಾಗಲ್ಲಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬಿಸಿಲು ಜಾಸ್ತಿ ಅಮ್ಮ."

"ಇವರು ಬಿಸಿಲು ಕಾಣದ ಮನುಷ್ಯ ನೋಡು! ಅಂದಹಾಗೆ ನಿಮ್ಮ ಚಿಕ್ಕಮ್ಮ ಸಿಕ್ಕಿದ್ಲು. ಅವಳ ಮನೇಲೂ ಇರುವೆ ಕಾಟವಂತೆ, ಬಾಗಿಲ ಹತ್ರ."

ಅಪ್ಪ ಕೇಳಿಸದವನ ಹಾಗೆ ನೀರು ಕುಡಿದ. ಹಾಗಲ್ಲಕ್ಕನ ತಲೆಯೂ ಇರುವೆಯ ಕಡೆಗಿರಲಿಲ್ಲ.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳಿಗಿಂತ ಮೊದಲೇ ಕೋಟೆ ಬಾಗಿಲಲ್ಲಿದ್ದ. ಸುರಂಗಕ್ಕೆ ನಕ್ಕ. ಹಾಲಿನ ಕೊಳಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕು, ಪಕ್ಕದವರಿಗೆ "ನನ್ನ ಮಗಳು" ಎಂದ. ಗೋಪುರದ ಮುಂದೆ ಅವಳು ಎಂದಿನಂತೆ "ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದಂತೆ ಅವನೇ ಮುಂದೆ ಬಂದ.

"ಇವಳಿಗೆ ಸಂಕೋಚ. ನಮ್ಮ ಮನೆತನದ್ದಲ್ವಾ, ಅದಕ್ಕೇ ಹೇಳಲ್ಲ. ನಾನು ಹೇಳ್ತೀನಿ ಕೇಳಿ."

ಅವನು ಹೇಳಿದ, ಮತ್ತು ಹಾಗಲ್ಲಕ್ಕನಿಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಹೇಳಿದ. ಅರಸನ ಮೀಸೆ, ಕತ್ತಿಯ ಹೊಳಪು, ದೊಡ್ಡ ಮೇಸ್ತ್ರಿಯ ಹೆಂಡತಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದದ್ದು, ಎಲ್ಲ ಬಂತು. ನಡುವೆ ಒಬ್ಬಾಕೆ ಮೂಗು ಸೀಟಿದಳು. ಕೊನೆಗೆ ಅಪ್ಪ ತನ್ನ ಬಲಗೈ ಎತ್ತಿ ಮಡಚಿದ ಬೆರಳು ತೋರಿಸಿದ. "ಸುಳ್ಳು ಅನ್ನೋರು ಇದನ್ನ ನೋಡಿ. ನನ್ನ ತಮ್ಮ ಒಂದು ಗೋಡೆ ಮುಗಿಸಿದ, ಅಷ್ಟೇ. ಎರಡು ಬೆರಳು ತಗೊಂಡು ಹೋಯ್ತು."

ಕನ್ನಡಕದವನೊಬ್ಬ ಹಾಗಲ್ಲಕ್ಕನ ಕಡೆ ತಿರುಗಿದ. "ಅಕ್ಕಾ, ಇದು ನಿಜಾನಾ?"

ಎಲ್ಲರೂ ಅವಳನ್ನೇ ನೋಡಿದರು. ಅಪ್ಪನೂ ನೋಡಿದ, ಕಣ್ಣ ತುಂಬ ಹೆಮ್ಮೆಯಿಟ್ಟುಕೊಂಡು. ಅವಳು "ಬನ್ನಿ, ಕಣಜಕ್ಕೆ ಹೋಗೋಣ" ಎಂದು ಹೇಳಿ ತಾನೇ ಮೊದಲು ಓಡುನಡಿಗೆಯಲ್ಲಿ ನಡೆದಳು. ನಡೆಯುತ್ತ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಹೆದರುಪುಕ್ಕಲಿ, ಐದನೇ ಗೊರಸು ಎಣಿಸಲು ಮಾತ್ರ ನಿನಗೆ ಧೈರ್ಯ ಎಂದು ಬೈದುಕೊಂಡಳು.

ಕಣಜದಲ್ಲಿ ಜನರನ್ನೆಲ್ಲ ಅಟ್ಟಕ್ಕೆ ಹತ್ತಿಸಿದಳು. ಗಾಳಿಕಿಂಡಿಗಳ ಜಾಣತನವನ್ನು ಸಾವಕಾಶವಾಗಿ ನೋಡಿ, ನಾನು ಕರೆಯುವವರೆಗೂ ಇಳಿಯಬೇಡಿ ಎಂದಳು. ಕೆಳಗೆ ಅಪ್ಪ ಉಳಿದ, ಮಂಡಿನೋವು. ಅವನ ಕಣ್ಣು ಆಗಲೇ ಗೋಣಿಯ ಮೇಲಿತ್ತು.

"ಹೊಸ ಗಾರೆ ಒಣಗದಿರಲಿ ಅಂತ ಗೋಣಿ ಹಾಕ್ತಾರೆ. ಈ ಹಳೇ ಗೋಡೆಗ್ಯಾಕೆ?"

"ನಾನು ಹಾಕಿಸಿದ್ದು" ಎಂದಳು. ಮತ್ತೆ ಯೋಚಿಸಿದರೆ ಆಗುವುದಿಲ್ಲವೆಂದು ಎಳೆದುಬಿಟ್ಟಳು.

ಅಪ್ಪ ನೋಡುತ್ತ ನಿಂತ. ಆಮೇಲೆ ಮಂಡಿನೋವು ಮರೆತವನಂತೆ ಕುಕ್ಕರುಗಾಲಲ್ಲಿ ಕೂತ. ಮೊಂಡು ಬೆರಳಿನ ಗುರುತಿನ ಮೇಲೆ ಹೆಬ್ಬೆರಳಾಡಿಸಿದ.

"ಯಾರ ಕಾಲದ್ದು ಇದು?"

"ಮಗನ ಕಾಲದ್ದು ಅಪ್ಪ. ಗೋಪುರ ಎದ್ದು ಎಷ್ಟೋ ವರ್ಷ ಆದ್ಮೇಲೆ."

"ಅದೇ ಕೈ."

"ಅದೇ. ಅಳೆದು ನೋಡಿದೀನಿ."

"ಅಳೆದೂ ನೋಡಿದೀಯಾ!" ಅವನ ದನಿ ಏರಿತು. "ಎಲ್ಲಾ ಗೊತ್ತಿದ್ದುಕೊಂಡು ಅಷ್ಟು ಜನದ ಮುಂದೆ ನನ್ನ ಬಾಯಿ ಬಡ್ಕೊಳ್ಳೋಕೆ ಬಿಟ್ಯಾ?"

ಅವಳು ಗೋಣಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಮೇಲೆ ಅಟ್ಟದಲ್ಲಿ ಯಾರೋ ಕಿಂಡಿಯ ಬಗ್ಗೆ ಇನ್ನೊಬ್ಬರಿಗೆ ತಪ್ಪು ತಪ್ಪಾಗಿ ವಿವರಿಸುತ್ತಿದ್ದರು.

ಅಪ್ಪ ಸಿಟ್ಟನ್ನು ಮುಂದುವರಿಸಲಿಲ್ಲ. ತನ್ನ ಕೈಯನ್ನೇ ಹೊರಳಿಸಿ ನೋಡಿಕೊಂಡು ಸಣ್ಣ ದನಿಯಲ್ಲಿ ಕೇಳಿದ. "ಹಾಗಾದ್ರೆ ಹಲಗೆ ಸುಮ್ನೆ ಬಿತ್ತಾ?"

ಅವಳಿಗೆ ಸುಳ್ಳು ಹೇಳಿ ಅಪ್ಪನನ್ನು ಎಬ್ಬಿಸಿಕೊಂಡು ಮನೆಗೆ ಹೋಗಿಬಿಡಬೇಕು ಅನ್ನಿಸಿತು. ಆದರೂ "ಸುಮ್ನೆ ಬಿತ್ತು ಅಪ್ಪ" ಎಂದಳು. "ಹಲಗೆ ಬೀಳುತ್ತೆ."

ಅವನು ಏಳಲಿಲ್ಲ. ಊರಿನ ನೂರಾರು ಮನೆಗಳಲ್ಲಿ, ಕೆಲಸ ಮುಗಿಯುವ ಹೊತ್ತಿಗೆ, ಬಾಗಿಲ ಪಕ್ಕ ಅವನು ಹೀಗೇ ಕೂತದ್ದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಅದೇ ಮೂಲೆ, ಅದೇ ಎತ್ತರ, ಅಂಗೈಯ ಅದೇ ಅಗಲ. ಇಷ್ಟು ದಿನ ಎರಡು ಗುರುತನ್ನು ಅಳೆದಿದ್ದೇ ಅಳೆದಿದ್ದು, ಇದೊಂದು ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದುಕೊಳ್ಳುತ್ತ ಅವಳೂ ಪಕ್ಕದಲ್ಲಿ ಕೂತಳು.

"ಅಪ್ಪ, ಕೈಗುರುತು ಒಂದೇ ಇದ್ದಾಗ ಅಳೋ ಕಥೆ ಆಯ್ತು. ಈಗ ಎರಡಿದೆ. ಅವನು ಕೆಲಸ ಮುಗಿಸಿದ ಕಡೆಯೆಲ್ಲಾ ಕೈ ಒತ್ತುತ್ತಿದ್ದ, ಅಷ್ಟೇ. ಅದಕ್ಕೇ ಜಾಗ ಬಿಡ್ತಿದ್ದ. ಕೈ ಒತ್ತೋದು ನಮಗೆ ಮರೆತುಹೋಯ್ತು, ಜಾಗ ಬಿಡೋದು ಉಳೀತು. ಯಾಕೆ ಬಿಡ್ತೀವಿ ಅಂತ ಗೊತ್ತಿಲ್ಲದವರು ಯಾರೋ ಅರಸನ್ನ ಕರೆದು ಕತ್ತಿ ಕೊಟ್ರು."

ಅಪ್ಪ ಆ ಮೂಲೆಯನ್ನೇ ದಿಟ್ಟಿಸಿದ. ಅವನ ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲುಗಿತು. ಬಿಟ್ಟ ಗೋಡೆಗಳನ್ನೋ, ಬಿಟ್ಟ ಮನುಷ್ಯನನ್ನೋ. ಆಮೇಲೆ ತಟಕ್ಕನೆ ಎದ್ದು ಹೊರಗೆ ನಡೆದ.

"ಅಪ್ಪ, ಎಲ್ಲಿಗೆ? ಆ ಕಡೆ ಅಲ್ಲ ಮನೆ!"

ಅವನು ತಿರುಗಿ ನೋಡಲಿಲ್ಲ. ಇಳಿಜಾರಿನಲ್ಲಿ, ಬೀಗ ರಿಪೇರಿ ಅಂಗಡಿ, ಹೊಲಿಗೆ ಅಂಗಡಿ, ಸೈಕಲ್ ಅಂಗಡಿ ದಾಟಿ, ಮಂಡಿನೋವಿನ ಮನುಷ್ಯ ದಾಪುಗಾಲು ಹಾಕುತ್ತಿದ್ದ. ಹಾಗಲ್ಲಕ್ಕ ಏದುಸಿರು ಬಿಡುತ್ತ ಹಿಂದೆ ಓಡಿದಳು. ಅವನು ಜಗಳಕ್ಕೆ ಹೋಗುತ್ತಿದ್ದಾನೋ ಮತ್ತೊಂದಕ್ಕೋ ಅವಳಿಗೆ ತಿಳಿಯಲಿಲ್ಲ. ತಿರುವಿನಲ್ಲಿ ಚಿಕ್ಕಪ್ಪನ ಮನೆ ಕಂಡಿತು. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಕರಣೆಯ ತುಕ್ಕು ಉಜ್ಜುತ್ತಿದ್ದ. ಅಣ್ಣನನ್ನು ಕಂಡವನೇ ಅಭ್ಯಾಸಬಲದಿಂದ ಚಪ್ಪಲಿಯತ್ತ ನೋಡಿಕೊಂಡ. ಬರಿಗಾಲಲ್ಲಿದ್ದ.

ಅಪ್ಪ ಮೆಟ್ಟಿಲ ಕೆಳಗೇ ನಿಂತ. ಇಷ್ಟು ವರ್ಷದ ಮೇಲೆ ಆಡುವ ಮೊದಲ ಮಾತು ಯಾವುದೆಂದು ಯೋಚಿಸಿಕೊಂಡು ಬಂದಿರಲಿಲ್ಲ. "ಅವನ ಕೈ ಕಡಿದಿಲ್ವಂತೆ" ಎಂದ.

"ಯಾರದ್ದು?"

"ದೊಡ್ಡ ಮೇಸ್ತ್ರಿದು. ಮುದುಕನಾಗೋವರೆಗೂ ಗಾರೆ ಎಳೆದಿದ್ದಾನೆ. ಇವಳು ಹೇಳ್ತಾಳೆ ಕೇಳು."

ಚಿಕ್ಕಪ್ಪ ಅವಳ ಮುಖ ನೋಡಿದ. ಅವಳು "ಹೌದು ಚಿಕ್ಕಪ್ಪ" ಎಂದಳು.

ಎಲ್ಲಿ ನೋಡುವುದೆಂದು ತಿಳಿಯದೆ ಅಪ್ಪ ತನಗೆ ಗೊತ್ತಿದ್ದುದನ್ನೇ ಮಾಡಿದ, ಗೋಡೆ ನೋಡಿದ. ಒಳ್ಳೆಯ ಗೋಡೆ, ಕನ್ನಡಿ ಹಾಗಿತ್ತು. ಅವನ ಕಣ್ಣು ಅದರ ಮೇಲೆ ಜಾರುತ್ತ ಬಂದು ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ, ನಿಂತುಬಿಟ್ಟಿತು. ಅಂಗೈ ಅಗಲದ ಜಾಗದಲ್ಲಿ ಬರೀ ಇಟ್ಟಿಗೆ. ಇರುವೆ ಸಾಲು ಒಳಗೊಂದು, ಹೊರಗೊಂದು.

"ಇದೇನೋ ಇದು?" ಎಂದ ಅಪ್ಪ. "ಊರ ಗೋಡೆಗಳನ್ನೆಲ್ಲಾ ಮುಗಿಸಿದವನು ನೀನು."

"ಊರದ್ದೆಲ್ಲಾ ಮುಗಿಸಿದೆ. ಇದೊಂದಕ್ಕೆ ಕೈ ಬರ್ಲಿಲ್ಲ." ಚಿಕ್ಕಪ್ಪ ಕರಣೆಯನ್ನು ಉಜ್ಜುವುದನ್ನು ನಿಲ್ಲಿಸಿರಲಿಲ್ಲ. "ಹೊರಗಿನವರು ಮುಚ್ಚಬೇಕಲ್ಲ. ಕಂಡಕಂಡವರ ಕೈಗೆ ಕೊಡೋಕೆ ಮನಸ್ಸಾಗ್ಲಿಲ್ಲ, ಕೆಲಸ ಬಲ್ಲವನೇ ಬೇಕಿತ್ತು. ಕೆಲಸ ಬಲ್ಲ ಹೊರಗಿನವನು ಅಂತ ಈ ಊರಲ್ಲಿ ನನಗಿರೋದು ನೀನೊಬ್ಬನೇ ಅಣ್ಣ."

ಅಪ್ಪ ಮೆಟ್ಟಿಲ ಮೇಲೆ ಕೂತ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಇಸ್ತ್ರಿ ಹಾಳಾಯಿತು.

"ಅಳೋದು ಆಮೇಲೆ ಅಳುವಿರಂತೆ" ಎಂದು ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಮೊದಲು ಅದನ್ನ ಮುಚ್ಚಿ. ಇರುವೆ ಕಾಟದಲ್ಲಿ ಸಾಕಾಗಿದೆ. ಮಾರ್ಕೆಟ್ಟಲ್ಲಿ ಅಕ್ಕನ ಕೈಲೂ ಹೇಳಿ ಕಳಿಸಿದ್ದೆ, ಇಷ್ಟು ತಡಾನಾ?"

ಚಿಕ್ಕಪ್ಪ ಗಾರೆ ಕಲಸಿದ. ಅಪ್ಪ ಮೂರು ಬೆರಳಲ್ಲಿ ಕರಣೆ ಹಿಡಿದು ಆ ಜಾಗ ತುಂಬಿ, ಎಳೆದು, ಅಂಚು ಕೂಡಿಸಿದ. ಆಮೇಲೆ ಮಗಳ ಕಡೆ ಒಮ್ಮೆ ನೋಡಿ, ಬಲಗೈಯನ್ನು ಹಸಿ ಗಾರೆಗೆ ಒತ್ತಿ ಹಿಡಿದ. ತೆಗೆದಾಗ ಅಲ್ಲಿ ಮೂರು ಬೆರಳು ಮೂಡಿದ್ದವು. ಮಡಚಿದ ಎರಡು ಬೆರಳು ಗೋಡೆಗೆ ತಾಗಿಯೇ ಇರಲಿಲ್ಲ.

ಹಾಗಲ್ಲಕ್ಕನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ದುರಸ್ತಿಯವಳಿರಬೇಕು, ಜನ ಇನ್ನೂ ಅಟ್ಟದಲ್ಲೇ ಇದ್ದರು. ಅವಳು ಎತ್ತಲಿಲ್ಲ.

ಚಿಕ್ಕಪ್ಪ ತಲೆ ವಾಲಿಸಿ ಗುರುತನ್ನು ನೋಡಿದ. "ಅಣ್ಣ, ನಾವೆಲ್ಲಾ ಹೋದ ಮೇಲೆ ಯಾವನೋ ಗೈಡ್ ಜನ ಕರ್ಕೊಂಡು ಬಂದು ಇದನ್ನ ತೋರಿಸ್ತಾನೆ ನೋಡು. ಈ ಮೇಸ್ತ್ರಿದು ಎರಡು ಬೆರಳು ಕಡಿಸಿದ್ರು ಅಂತಾನೆ."

"ಯಾರು ಕಡಿಸಿದ್ದಂತೆ?"

"ತಮ್ಮ ಅಂತಾನೆ. ಇನ್ಯಾರು ಸಿಗ್ತಾರೆ?"

ಅಪ್ಪ ನಕ್ಕ. ಗಾರೆ ಮೆತ್ತಿದ ಕೈಯನ್ನೇ ತಮ್ಮನ ಹೆಗಲ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹಾಗಲ್ಲಕ್ಕ ಬಾಯಿ ತೆರೆದಳು, ಇಷ್ಟು ವರ್ಷದ ಚಾಳಿ. ಆದರೆ ಆ ಹೆಗಲ ಮೇಲೆ ಮೂಡುತ್ತಿದ್ದ ಬಿಳಿಯ ಗುರುತನ್ನು ನೋಡಿ ಹಾಗೇ ಮುಚ್ಚಿಕೊಂಡಳು.